ಅಲ್ಲಾಡದ ತೊಂಬತ್ನಾಲ್ಕು

ಮಾರ್ಚ್ ೩, ಸಂಜೆ

ಆಫೀಸಲ್ಲಿ ಕೋಡ್ ಬಿಲ್ಡ್ ಮತ್ತೆ ಒಡೀತು. ಹಾಗೇ ಬಿಟ್ಟು ಎದ್ದೆ. ನೇರ ಆಸ್ಪತ್ರೆಗೆ.

ತಂಗಿ ದಿಂಬಿಗೊರಗಿ ಕೂತಿದ್ಲು. ಮಲಗಿದ್ರೆ ಉಸಿರು ಸಿಗಲ್ಲ. ಶ್ವಾಸಕೋಶ ಗಟ್ಟಿಯಾಗ್ತಾ ಬಂದಿದೆ, ಇದು ವಾಸಿಯಾಗೋದಲ್ಲ ಅಂತ ಡಾಕ್ಟರ್ ಹೇಳಿಯಾಗಿದೆ. ಇಷ್ಟು ವರ್ಷ ಸಿಟಿ ಬಸ್ ಓಡಿಸಿದೋಳು. ಈಗ ಬಾತ್‌ರೂಮಿಗೆ ಹೋಗೋಕೂ ಮಗಳ ಭುಜ ಬೇಕು.

ವಾರ್ಡಿಗೆ ಹೊಸ ಮಾನಿಟರ್ ಬಂದಿವೆ. ನಮ್ಮ ಕಂಪನಿಯವೇ. ಒಳಗೆ ಓಡೋದು ನಮ್ಮ ಟೀಮಿನ ಕರ್ನಲ್, ಎಲ್ಲಕ್ಕೂ ತಳದಲ್ಲಿರೋ ಸಾಫ್ಟ್‌ವೇರ್.

‘ಇದರಲ್ಲಿ ನೀನು ಮಾಡಿದ್ದು ಯಾವ್ದು ಅಕ್ಕಾ?’

‘ಕಾಣೋದೇನೂ ಇಲ್ಲ. ಮೆಮೊರೀನ ಪುಟ ಪುಟ ಮಾಡಿರ್ತೀವಿ. ಯಾವ ಪುಟ ಬರೀ ಓದೋಕೆ, ಯಾವುದ್ರಲ್ಲಿ ಬರೀಬಹುದು, ಯಾವುದನ್ನ ಮುಟ್ಟಲೇಬಾರದು — ಅದನ್ನ ಗೊತ್ತು ಮಾಡೋದು ನಾನು.’

‘ಇಷ್ಟು ಓದಿ ವಾಚ್‌ಮನ್ ಕೆಲಸಾನಾ!’

ನಕ್ಕಳು. ನಗು ಕೆಮ್ಮಾಯ್ತು. ಬೆನ್ನು ಸವರ್ತಾ ಕೂತೆ. ಬೆನ್ನಲ್ಲಿ ಮೂಳೆ ಬಿಟ್ರೆ ಏನೂ ಇಲ್ಲ.

ಮಾರ್ಚ್ ೯

ಮಧ್ಯಾಹ್ನ ಹೋದಾಗ ತುಟಿ ನೀಲಿ. ಬೆವರು. ಮಾನಿಟರ್ ಮಾತ್ರ ಆಮ್ಲಜನಕ ತೊಂಬತ್ನಾಲ್ಕು ಅಂತಿದೆ. ಅಲಾರಂ ಇಲ್ಲ.

‘ಅಕ್ಕಾ... ನಿನ್ನ ಡಬ್ಬ ಸುಳ್ಳು ಹೇಳ್ತಿದೆ.’

ನರ್ಸ್ ಬಂದು ನೋಡಿ, ‘ನಂಬರ್ ಚೆನ್ನಾಗೇ ಇದೆಯಲ್ಲಮ್ಮ, ಗಾಬರಿ ಆಗ್ಬೇಡಿ’ ಅಂದ್ರು.

‘ಮುಳ್ಳು ಅಲ್ಲಾಡ್ತಾನೇ ಇಲ್ಲ ಸಿಸ್ಟರ್. ಗಾಡಿ ಓಡೋವಾಗ ಮುಳ್ಳು ಅಲ್ಲಾಡ್ಬೇಕು. ಸುಮ್ನೆ ನಿಂತಿದೆ ಅಂದ್ರೆ ಮೀಟರ್ ಕೆಟ್ಟಿದೆ ಅಂತ.’

ಮಾತು ಮುಗಿಸೋ ಹೊತ್ತಿಗೆ ಸುಸ್ತು. ನಾನೂ ನೋಡ್ತಾ ನಿಂತೆ. ನಿಜ. ಮನುಷ್ಯರ ಉಸಿರಲ್ಲಿ ಅಷ್ಟು ನಿಶ್ಚಲವಾದ ಸಂಖ್ಯೆ ಇರೋಕೆ ಸಾಧ್ಯವೇ ಇಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ — ಎಂಬತ್ತೊಂದು. ಅಲಾರಂ. ನರ್ಸ್ ಓಡಿದ್ರು. ಡಾಕ್ಟರ್ ಬಂದ್ರು. ಆಮ್ಲಜನಕ ಏರಿಸಿದ್ರು.

ಬದುಕಿಕೊಂಡ್ಲು. ನಾಳೆ ಬೆಳಿಗ್ಗೆ ಮೊದಲು ಲ್ಯಾಬಿಗೆ.

ಮಾರ್ಚ್ ೧೦, ಲ್ಯಾಬ್

ಸಿಕ್ತು. ಸಿಗದಿದ್ರೇ ಚೆನ್ನಾಗಿತ್ತು ಅನ್ನಿಸ್ತಿದೆ.

ಟೆಸ್ಟಿಗೆ ಇಟ್ಟಿರೋ ನಕಲಿ ಬೆರಳಿಗೆ ಸೆನ್ಸರ್ ಸಿಗಿಸಿ ಮಟ್ಟ ಇಳಿಸ್ತಾ ಹೋದೆ. ಬೆರಳಲ್ಲಿ ಎಂಬತ್ತೈದು, ಸ್ಕ್ರೀನ್ ಮೇಲೆ ತೊಂಬತ್ನಾಲ್ಕು. ಎಷ್ಟೋ ಹೊತ್ತಾದ ಮೇಲೆ ಧಡಕ್ಕನೆ ಬಿತ್ತು.

ಸೆನ್ಸರಿನ ಸಂಖ್ಯೆ ಬಂದು ಕೂರೋ ಪುಟಕ್ಕೆ ಬೇರೆಯೇ ಗುರುತಿರ್ಬೇಕು — ಇದರ ನಕಲು ಇಟ್ಕೋಬೇಡ, ಪ್ರತಿ ಸಲ ಹೋಗಿ ನೋಡ್ಕೊಂಡು ಬಾ ಅಂತ. ಕಳೆದ ರಿಲೀಸಲ್ಲಿ, ಸ್ಕ್ರೀನ್ ನಿಧಾನ ಅಂತ, ಅಕ್ಕಪಕ್ಕದ ಪುಟಗಳನ್ನೆಲ್ಲ ಸೇರಿಸಿ ಒಂದೇ ದೊಡ್ಡ ಬ್ಲಾಕ್ ಮಾಡಿದ್ದಾರೆ. ಎಲ್ಲಕ್ಕೂ ಒಂದೇ ಗುಣ. ಸೆನ್ಸರಿನ ಪುಟ ಅದರ ಮೂಲೆಯಲ್ಲಿ ಸಿಕ್ಕಿಹಾಕ್ಕೊಂಡಿದೆ. ಪ್ರೊಸೆಸರ್ ಅತ್ತ ಹೋಗೋದೇ ಇಲ್ಲ. ತನ್ನ ಹತ್ರ ಇರೋ ಹಳೇ ಸಂಖ್ಯೇನೇ ಕೊಡ್ತಾ ಕೂತಿದೆ.

ಬಾಸ್ ಮುಖ ಬಿಳಿಚಿಕೊಳ್ತು. ‘ಆಸ್ಪತ್ರೆಗೆ ಈಗಲೇ ಹೇಳ್ತೀನಿ. ಫಿಕ್ಸ್ ಯಾವಾಗ?’ ಈ ಭಾಗ ಪೂರ್ತಿ ಗೊತ್ತಿರೋದು ನನಗೊಬ್ಬಳಿಗೇ. ಅವರಿಗೂ ಗೊತ್ತು. ‘ನಿಮ್ಮ ತಂಗಿ ಪರಿಸ್ಥಿತಿ ಹೀಗಿರೋವಾಗ ಕೇಳೋಕೆ ಬಾಯೇ ಬರ್ತಿಲ್ಲ’ ಅಂದ್ರು.

ಮಾರ್ಚ್ ೧೧

ತಂಗಿಗೆ ಹಳೇ ಮಾನಿಟರ್ ತಂದು ಹಾಕಿದ್ದಾರೆ. ಇರೋ ಹಳೇವು ಎಲ್ಲ ಬೆಡ್ಡಿಗೂ ಸಾಲಲ್ಲ. ಉಳಿದೋರ ಹತ್ರ ನರ್ಸುಗಳೇ ಮತ್ತೆ ಮತ್ತೆ ಹೋಗಿ ಬೆರಳು ಹಿಡಿದು ನೋಡ್ತಿದ್ದಾರೆ.

‘ನೀನ್ಯಾಕೆ ಇಲ್ಲಿ ಕೂತಿದ್ದೀಯ? ಹೋಗು.’

‘ಇವತ್ತು ಇಲ್ಲೇ ಇರ್ತೀನಿ. ನಾಳೆ ಹೋದ್ರಾಯ್ತು.’

‘ಬ್ರೇಕ್ ಸರಿಯಿಲ್ಲ ಅಂತ ಗೊತ್ತಾದ್ಮೇಲೆ... ನಾನು ಯಾವತ್ತಾದ್ರೂ ಜನ ಹತ್ತಿಸ್ಕೊಂಡು ಹೋಗಿದ್ದೀನಾ?’

ಪಕ್ಕದ ಬೆಡ್ಡಿನ ಅಜ್ಜಿ ಕಡೆ ಕಣ್ಣು ತೋರಿಸಿದ್ಲು. ಅವರ ತಲೆ ಹತ್ರ ನಮ್ಮ ಮಾನಿಟರ್.

ಹೊರಟೆ. ತಂಗಿ ಮಗಳು ವರಾಂಡದಲ್ಲಿ ಸಿಕ್ಕಳು. ‘ಹೋಗ್ತಿದ್ದೀಯಾ ದೊಡ್ಡಮ್ಮ?’ ಅಂತಷ್ಟೇ.

ಮಾರ್ಚ್ ೧೨, ಲ್ಯಾಬ್

ದೊಡ್ಡ ಬ್ಲಾಕ್ ಒಡೆದು ಮತ್ತೆ ಸಣ್ಣ ಪುಟ ಮಾಡಿದೆ. ಸೆನ್ಸರಿನ ಪುಟಕ್ಕೆ ಗುರುತು ಬದಲಾಯಿಸಿದೆ. ಮಾನಿಟರ್ ಶುರುವಾಗೋವಾಗ್ಲೇ ನಿಂತುಹೋಯ್ತು. ಮತ್ತೆ. ಮತ್ತೆ.

ಪ್ರೊಸೆಸರಿನ ಒಂದು ಕೋರ್ ಪುಟಗಳ ಹಳೇ ನಕ್ಷೇನೇ ಹಿಡ್ಕೊಂಡು ಕೂತಿದೆ. ಗುಣ ಬದಲಾಯಿಸಿದ್ರೆ ಸಾಲದು — ಹಳೇದನ್ನ ಮರೆತುಬಿಡು ಅಂತ ಎಲ್ಲ ಕೋರಿಗೂ ಹೇಳ್ಬೇಕು. ಹೇಳಿದೆ.

ಮಧ್ಯಾಹ್ನ

ಎಂಬತ್ತೈದಕ್ಕೆ ಇಳಿಸಿದ್ರೆ ಎಂಬತ್ತೈದು! ಎಂಬತ್ತಾರು. ಎಂಬತ್ನಾಲ್ಕು. ಕುಣೀತಿದೆ! ತಂಗಿಗೆ ಹೇಳ್ಬೇಕು. ಮಿಸ್ಡ್ ಕಾಲ್ ಯಾವುದೂ ಇಲ್ಲ, ಅಂದ್ರೆ ಆರಾಮಾಗಿದ್ದಾಳೆ. ಈಗ್ಲೇ ಫೋನ್ —

ಮಾರ್ಚ್ ೨೫

ಅವತ್ತು ಫೋನ್ ಎತ್ತಿದ್ದು ಮಗಳು. ‘ಅಮ್ಮ ಈಗ ತಾನೇ ಹೋದ್ಲು’ ಅಂದ್ಲು. ಅಳು ಇರಲಿಲ್ಲ ದನಿಯಲ್ಲಿ.

ಕಾರ್ಯ ಎಲ್ಲ ಮುಗೀತು. ಬಂದೋರೆಲ್ಲ ಹೋದ್ರು. ಪಾತ್ರೆ ತೊಳೀತಿದ್ದೆ. ಹಿಂದಿನಿಂದ —

‘ಅಮ್ಮ ನಿಮ್ಮನ್ನೇ ಕೇಳ್ತಿದ್ಲು. ಕೊನೇವರೆಗೂ. ನೀವು ಬರಲಿಲ್ಲ.’

ಹುಟ್ಟಿದಾಗಿಂದ ನನ್ನನ್ನ ನೀನು ಅಂದೋಳು. ಇವತ್ತು ನೀವು.

‘ಒಂದು ಫೋನ್ ಮಾಡಬಾರದಿತ್ತಾ ಪುಟ್ಟಾ?’

ಚಪ್ಪಲಿ ಮೆಟ್ಕೊಂಡು ಹೊರಟುಹೋದ್ಲು. ನಲ್ಲಿ ನಿಲ್ಲಿಸೋದೂ ಮರೆತು ನಿಂತಿದ್ದೆ.

ಮಾರ್ಚ್ ೨೭

ಅಪ್‌ಡೇಟ್ ಎಲ್ಲ ಆಸ್ಪತ್ರೆಗೂ ಹೋಯ್ತು.

ಟೀಮಿನ ಕನ್ನಡಕದ ಹುಡುಗ ಮನೆಗೆ ಬಂದಿದ್ದ. ಒಳಗೆ ಬಾ ಅಂದ್ರೆ ಬರಲಿಲ್ಲ, ಹೊಸಿಲಲ್ಲೇ ನಿಂತ. ‘ಪುಟಗಳನ್ನ ಸೇರಿಸಿ ಆ ದೊಡ್ಡ ಬ್ಲಾಕ್ ಮಾಡಿದ್ದು ನಾನು ಮೇಡಂ. ನಿಮ್ಮ ತಂಗಿ... ಅದರಿಂದಾನಾ?’

‘ಅಲ್ಲ. ಆಗ ಅವಳಿಗೆ ಹಳೇ ಮಾನಿಟರ್ ಇತ್ತು. ಕಾಯಿಲೆಯಿಂದಾನೇ ಅಂತ ಡಾಕ್ಟರ್ ಅಂದ್ರು.’

ಮುಂಚಿನ ದಿನಗಳಲ್ಲಿ ಎಷ್ಟು ಸಲ ಆ ಸಂಖ್ಯೆ ಸುಮ್ನೆ ನಿಂತಿತ್ತೋ, ಅವಳು ಎಷ್ಟು ಒದ್ದಾಡಿದ್ಲೋ. ಯಾರೂ ನೋಡಿಲ್ಲ. ಅದನ್ನ ಅವನಿಗೆ ಹೇಳಲಿಲ್ಲ. ಟೀ ಕೊಟ್ಟೆ. ನಿಂತೇ ಕುಡಿದ.

ಏಪ್ರಿಲ್ ೧೪

ಮಗಳು ಫೋನ್ ಮಾಡಿದ್ಲು. ಆಸ್ಪತ್ರೆಯಿಂದ ಅಮ್ಮನ ಬಟ್ಟೆ ತರ್ಬೇಕು, ಜೊತೆಗೆ ಬರ್ತೀಯಾ ಅಂತ.

ಚೀಲ ಇಸ್ಕೊಂಡ್ವಿ. ವಾರ್ಡಿನ ಬಾಗಿಲಲ್ಲಿ ತಾನಾಗೇ ನಿಂತಳು. ಆ ಬೆಡ್ಡಿನಲ್ಲಿ ಯಾರೋ ಹೆಂಗಸು. ಗಂಡ ಇರ್ಬೇಕು, ಕಿತ್ತಳೆ ಸುಲೀತಾ ಕೂತಿದ್ದ. ತಲೆ ಹತ್ರ ನಮ್ಮ ಮಾನಿಟರ್. ತೊಂಬತ್ತೊಂದು. ತೊಂಬತ್ತೆರಡು. ತೊಂಬತ್ತೊಂದು.

‘ಇದಕ್ಕೇನಾ ಹೋಗಿದ್ದು?’

‘ಹೂಂ.’

‘ಒಂದು ದಿನ ತಡ ಆಗಿದ್ರೆ?’

‘ಗೊತ್ತಿಲ್ಲ ಪುಟ್ಟಾ. ಏನೂ ಆಗ್ದೇ ಇರ್ತಿತ್ತೇನೋ.’

ಬಸ್‌ಸ್ಟಾಪಲ್ಲಿ ಕೂತ್ವಿ. ಬಸ್ ಬಂತು, ಹೋಯ್ತು. ಹತ್ತಲಿಲ್ಲ. ಚೀಲದ ಹಿಡಿಕೆ ತಿರುಚ್ತಾ ಹೇಳಿದ್ಲು —

‘ಅಮ್ಮ ನಿನ್ನ ಕೇಳಲೇ ಇಲ್ಲ ದೊಡ್ಡಮ್ಮ. ಸಿಟ್ಟಿಗೆ ಹಾಗಂದೆ. ನಾನೇ ಫೋನ್ ತಗೊಂಡೆ, ನಿನ್ನ ಕರೀತೀನಿ ಅಂತ. ಕೈ ಹಿಡ್ಕೊಂಡ್ಲು. ಬೇಡ, ಅಕ್ಕ ಕೆಲಸದಲ್ಲಿದ್ದಾಳೆ ಅಂದ್ಲು. ಬಿಡಲೇ ಇಲ್ಲ ಕೈ.’

ಅತ್ತಳು. ಅವತ್ತಿಂದ ಮೊದಲ ಸಲ. ನನ್ನ ಭುಜ ಒದ್ದೆಯಾಗೋವರೆಗೂ.

ಈಗ ಒಳಗೆ ನಿದ್ದೆ ಮಾಡ್ತಿದ್ದಾಳೆ. ಇವತ್ತು ಇಲ್ಲೇ ಇರ್ತಾಳಂತೆ.

ಕೇಳ್ತಿದ್ಲು ಅನ್ನೋದನ್ನ ಹೇಗೋ ನುಂಗಿಕೊಂಡಿದ್ದೆ. ಕರೀಬೇಡ ಅಂದಳಂತೆ — ಇದನ್ನ ಎಲ್ಲಿ ಇಟ್ಕೊಳ್ಳಲಿ?