ಕುಂಟ ಪೈಲ್ವಾನರು

ಗೆಳೆಯ ಎಲಿಜಾ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಈ ಕಾಗದ ನಿನಗೆ ಮುಟ್ಟುವುದಿಲ್ಲ, ಆದರೂ ನನ್ನ ಪರಾಕ್ರಮವನ್ನು ಇನ್ಯಾರಿಗೆ ಹೇಳಲಿ? ಮುಗಳಖೋಡದ ಅಖಾಡದಲ್ಲಿ ಯಾರೂ ಕೆಡವಲಾರದ ಈ ರಾವಸಾಹೇಬನನ್ನು ನಮ್ಮ ಮನೆಯ ಬಚ್ಚಲು ಕೆಡವಿತು. ಸೊಂಟ ಮುರಿಯಿತು. ಮೂರು ತಿಂಗಳ ಮೇಲೆ ಇವತ್ತು ಕೋಲೂರಿ ಅಡುಗೆಮನೆಯವರೆಗೆ ನಡೆದೆ. ಅಣ್ಣನ ಮಗಳು ನೀಲಮ ಖುಷಿಗೆ ಮಟನ್ ಮಾಡಿದಳು.

ನಿಪ್ಪಾಣಿಯ ನಿಮ್ಮ ಮನೆಯಲ್ಲಿ ಮಟನ್ನಿನಿಂದ ತೊಡೆಯ ನರ ತೆಗೆದುಹಾಕುತ್ತಿದ್ದರಲ್ಲ, ಅದು ನೆನಪಾಯಿತು. ಯಾಕೆಂದು ನಾನು ಕೇಳಿದಾಗ ನೀನು ನಿಮ್ಮ ಯಹೂದಿ ಶಾಸ್ತ್ರದ ಯಾಕೋಬನ ಕಥೆ ಹೇಳಿದ್ದೆ. ಬೆಳಗಾಗುವತನಕ ದೇವದೂತನೊಡನೆ ಕುಸ್ತಿ ಹಿಡಿದ, ತೊಡೆಯ ಕೀಲು ತಪ್ಪಿ ಕುಂಟಾದರೂ ಆಶೀರ್ವಾದ ಸಿಗುವವರೆಗೆ ಬಿಡಲಿಲ್ಲ; ಅವನ ನೆನಪಿಗೆ ನಿಮ್ಮವರು ಆ ನರ ತಿನ್ನುವುದಿಲ್ಲ.

"ಕುಂಟಾದಂವ ಎಂಥಾ ಪೈಲ್ವಾನಲೇ?" ಎಂದು ನಾನು ನಕ್ಕಿದ್ದೆ.

"ಹಿಡಿದಿದ್ದು ಬಿಡಲಿಲ್ಲಲ್ಲೋ ರಾವಸಾಹೇಬ, ಅದ ಗೆದ್ದಂಗ."

ಲಕ್ವ ಹೊಡೆದ ಮೇಲೆ ನೀನು ಹೊಸ್ತಿಲವರೆಗೆ ಕುಂಟುತ್ತ ನಡೆದು ತೋರಿಸಿದಾಗಲೂ ನಾನು ನಕ್ಕೆ. ನೀನೂ ನಕ್ಕೆ, ಸ್ವಲ್ಪ ತಡವಾಗಿ.

ಇವತ್ತು ನನ್ನ ತಾಟಿನಲ್ಲಿ ಆ ನರ ಬಂತು. ಬದಿಗಿಟ್ಟೆ.

"ಯಾಕ್ರೀ ಕಾಕಾ, ಕಡಿಯಾಕ ಹಲ್ಲಿಲ್ಲೇನು?" ನೀಲಮ ಕೆಣಕಿದಳು.

"ಹಲ್ಲು ಗಟ್ಟಿ ಅದಾವ. ನಾವು ಕುಂಟ ಪೈಲ್ವಾನರು ಇದನ್ನ ತಿನ್ನೂದಿಲ್ಲವ್ವ."