ಬಿಚ್ಚದ ಚೀಲ

ಪ್ರೀತಿಯ ಅಕ್ಕಾ,

ನಮ್ಮ ದೇಶಕ್ಕೆ ಹೊರಟವರ ಪೆಟ್ಟಿಗೆಗಳನ್ನು ಈ ಪರದೇಶದ ಬಂದರಿನಲ್ಲೇ ತೆರೆದು ನೋಡುವುದು ಕಸ್ಟಮ್ಸ್‌ನವನಾದ ನನ್ನ ಕೆಲಸ, ನಿನಗೆ ಗೊತ್ತಲ್ಲ. ಇವತ್ತು ಒಬ್ಬ ಹೆಂಗಸಿನ ಪೆಟ್ಟಿಗೆಯಲ್ಲಿ ಬಿಗಿಯಾಗಿ ಅಂಟಿಸಿದ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೊಂದು ಹಳೇ ಸ್ವೆಟರ್ ಇತ್ತು. ನಾನು ಕತ್ತರಿ ತೆಗೆದುಕೊಂಡೆ.

“ಕತ್ತರಿಸಬೇಡಿ ಸಾರ್, ದಮ್ಮಯ್ಯ. ತೀರಿಹೋದ ನಮ್ಮಮ್ಮಂದು. ಗಾಳಿಯಾಡಿದ್ರೆ ಅವರ ವಾಸನೆ ಹೋಗ್ಬಿಡುತ್ತೆ,” ಎಂದಳು.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಯಂತ್ರದಲ್ಲಿ ಮಾತ್ರ ನೋಡಿ, ಬಿಚ್ಚದೆಯೇ ಮೊಹರು ಒತ್ತಿ ಕಳಿಸಿದೆ. ಆಮೇಲೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.

ಅಕ್ಕಾ, ಅಮ್ಮ ಹೋದಾಗ ರಜೆ ಸಿಗಲಿಲ್ಲ ಎಂದು ಬರೆದಿದ್ದೆ. ನಿಜವಾಗಿ ನಾನು ರಜೆ ಕೇಳಿರಲೇ ಇಲ್ಲ. ಅವಳಿಲ್ಲದ ಮನೆಗೆ ಕಾಲಿಡುವ ಧೈರ್ಯ ಬರಲಿಲ್ಲ. ಇವತ್ತು ಕೇಳಿದೆ, ಸಿಕ್ಕಿತು. ಮುಂದಿನ ವಾರ ಬರುತ್ತೇನೆ. ಬೈಯುವುದಿದ್ದರೆ ಎದುರಿಗೇ ಬೈದುಬಿಡು. ಬಾಗಿಲು ತೆಗೆಯಲು ಮಾತ್ರ ನೀನೇ ಬಾ.

ನಿನ್ನ ತಮ್ಮ