ಮಂಗಟ್ಟೆಯ ಕಪಾಟಿನಲ್ಲಿ ಟೂಕನ್

ಮಾರ್ಚ್ 3, ಸಂಜೆ
ಕೇಳಿರಿ, ಕೇಳಿರಿ, ನೆರೆದ ಮಹಾಜನಗಳೇ! — ಯಾರೂ ಇಲ್ಲ, ಇದು ಡೈರಿ. ಆದರೂ ಹೀಗೆ ಕೂಗದೆ ಪೆನ್ನು ಓಡುವುದಿಲ್ಲ.
ನಾನು ಗೈಡ್ ಆಗಿರುವ ಮ್ಯೂಸಿಯಂನ ಹಕ್ಕಿ ಹಾಲ್‌ನಲ್ಲಿ, ಹತ್ತಿ ತುಂಬಿದ ಹಕ್ಕಿಗಳ ಮುಂದೆ, ಇಂದು ನಾಲ್ಕು ಗುಂಪು. ಎಂದಿನಂತೆ ಗುಡುಗಿದೆ: "ನಮ್ಮ ಕಾಡಿನ ಮಂಗಟ್ಟೆ ಅಣ್ಣ, ದಕ್ಷಿಣ ಅಮೆರಿಕದ ಟೂಕನ್ ತಮ್ಮ! ಕೊಕ್ಕು ನೋಡಿ, ಇನ್ನೂ ಅನುಮಾನವೇ?" ಚಪ್ಪಾಳೆ. ಹನ್ನೊಂದು ವರ್ಷದಿಂದ ಅದೇ ಡೈಲಾಗ್.

ಮಾರ್ಚ್ 4
ಗುಂಪಿನಲ್ಲಿ ಒಬ್ಬರು ಟೀಚರಮ್ಮ. "ಕೊಕ್ಕು ಬಿಡಿ ಸಾರ್, ಕಾಲು ನೋಡಿ. ಟೂಕನ್‌ಗೆ ಎರಡು ಬೆರಳು ಮುಂದೆ, ಎರಡು ಹಿಂದೆ. ಮಂಗಟ್ಟೆಗೆ ಮೂರು ಮುಂದೆ, ಒಂದು ಹಿಂದೆ. ಟೂಕನ್ ಮರಕುಟಿಗದ ಕಡೆಯ ನೆಂಟ."
ಆಕೆ ಕಂಪ್ಲೇಂಟ್ ಪುಸ್ತಕ ಕೇಳಿ ಬರೆದರು. ಒಂದು ಪುಟ.

ಮಾರ್ಚ್ 7
ಕಂಪ್ಲೇಂಟ್ ಓದಿದ ಮೇಲಧಿಕಾರಿ ಹಳೆಯ ರಿಜಿಸ್ಟರ್ ತೆಗೆಸಿದರು. ಅದರಲ್ಲಿ ಬರೆದಿತ್ತು: ಟೂಕನ್ — ಮರಕುಟಿಗದ ಕಪಾಟು, ಮೇಲಿನ ಹಲಗೆ.
"ಇದನ್ನ ಇಲ್ಲಿಗೆ ತಂದೋರು ಯಾರು? ಕೀಲಿ ನಿಮ್ಮದಲ್ವಾ?"
ಕಪಾಟುಗಳ ಕೀಲಿ ಇರುವುದು ಹಕ್ಕಿಗಳ ರೆಕ್ಕೆ ಪುಕ್ಕ ರಿಪೇರಿ ಮಾಡುವ ತಂಗಿಯ ಹತ್ತಿರ — ಒಡಹುಟ್ಟಿದವಳಲ್ಲ, ಕರೆದು ರೂಢಿ. ಅವಳು ತಲೆ ತಗ್ಗಿಸಿದಳು. "ಆರ್ಡರ್ ಇತ್ತು ಅಂತ ಕೇಳಿದ್ದೆ ಸಾರ್."
"ಎಲ್ಲಿದೆ ತೋರಿಸಿ ಆರ್ಡರ್ನ?"
ನನ್ನತ್ತ ಒಮ್ಮೆ ನೋಡಿದಳು. ಹೆಸರು ಹೇಳಲಿಲ್ಲ. ಅವಳ ಕಾಂಟ್ರ್ಯಾಕ್ಟ್ ಈ ತಿಂಗಳಿಗೇ ಮುಗಿಸುತ್ತಾರಂತೆ. ಸಿಂಹಕಂಠದ ನಾನು... ಬಾಯಿಗೆ ಬೀಗ.

ಮಾರ್ಚ್ 12, ಮಧ್ಯಾಹ್ನ
ಬರೆದೇ ಬಿಡುತ್ತೇನೆ. ತಂದವನು ನಾನು. ಹನ್ನೊಂದು ವರ್ಷದ ಹಿಂದೆ, ಕಪಾಟು ತೆರೆದು ಗಾಜು ಒರೆಸುವ ದಿನ. ಪುಟಾಣಿ ಮರಕುಟಿಗಗಳ ನಡುವೆ ಅಷ್ಟುದ್ದ ಕೊಕ್ಕು — ಸೀನ್‌ಗೆ ಹೊಂದಲಿಲ್ಲ. ಮಂಗಟ್ಟೆಯ ಎದುರು ನಿಲ್ಲಿಸಿದೆ. ಆಹಾ, ಏನು ದೃಶ್ಯ! "ಆಫೀಸಿನ ಆರ್ಡರ್" ಎಂದು ತಂಗಿಗೆ ಸುಳ್ಳು ಹೇಳಿದೆ. ಅದರ ಕಾಲ ಬಳಿ ಇದ್ದ, "ಟೂಕನ್ — ಮರಕುಟಿಗದ ಬಳಗ" ಎಂದು ಬರೆದ ಹಳೆಯ ಕಾರ್ಡ್ ನನ್ನ ಡ್ರಾಯರ್‌ನಲ್ಲೇ ಇದೆ.
ಮನೆಯಾಕೆ: "ಏನ್ರೀ, ಐದು ದಿನದಿಂದ ಮನೇಲಿ ಸದ್ದೇ ಇಲ್ಲ. ಗಂಟಲು ಕೆಟ್ಟಿದ್ಯಾ?"
"ಗಂಟಲಲ್ಲ ಕಣೇ."
"ಮತ್ತಿನ್ನೇನು ಕೆಟ್ಟಿದೆ?"
ತಟ್ಟೆ ಸರಿಸಿ ಎದ್ದೆ.

ಮಾರ್ಚ್ 13, ಸಂಜೆ
ತಂಗಿ ಸೂಜಿ, ದಾರ, ಚಿಮಟ ಡಬ್ಬಿಗೆ ತುಂಬುತ್ತಿದ್ದಳು. ಕೆಲಸದಿಂದ ತೆಗೆದ ಆರ್ಡರ್ ನಾಳೆ ಕೈಗೆ ಬರುತ್ತದಂತೆ.
"ಅಣ್ಣಾ, ಮಂಗಟ್ಟೆ ರೆಕ್ಕೆಗೆ ಹುಳ ಹತ್ತದ ಹಾಗೆ ನೋಡ್ಕೊಳ್ಳಿ. ನಿಮ್ಮ ಡೈಲಾಗ್ ಬಿಡ್ಬೇಡಿ. ಅದನ್ನ ಕೇಳ್ಕೊಂಡೇ ಹೊಲಿಗೆ ಹಾಕ್ತಿದ್ದೆ."
ಬೈದಿದ್ದರೆ ಚೆನ್ನಾಗಿತ್ತು.
ನಾಳೆ ಬೆಳಿಗ್ಗೆ ಹತ್ತಕ್ಕೆ, ಬಾಗಿಲು ತೆರೆದ ಕೂಡಲೇ, ಮೇಲಧಿಕಾರಿ ಮತ್ತು ಮೊದಲ ಗುಂಪಿನ ಎದುರು ಟೂಕನ್ ಅನ್ನು ಎರಡೂ ಕೈಯಲ್ಲಿ ಎತ್ತಿ ಮರಕುಟಿಗಗಳ ಮನೆಗೆ ಹೊತ್ತೊಯ್ಯುತ್ತೇನೆ. ಕಾಲ ಬಳಿ ಹಳೆಯ ಕಾರ್ಡ್ ಇಡುತ್ತೇನೆ. ಆಮೇಲೆ ತಿರುಗಿ, ಗುಡುಗದೆ, ಸಾದಾ ದನಿಯಲ್ಲಿ ಹೇಳುತ್ತೇನೆ — ಮಹಾಜನಗಳೇ, ಇದನ್ನು ಅಲ್ಲಿಟ್ಟವನು...